ಪೆಟ್ಟಿಗೆಯಲ್ಲಿ ಬಿಟ್ಟ ಖಾಲಿ ಜಾಗ

ಪ್ರಶ್ನೆ: ಜೇಮ್ಸ್ ಬಾಂಡ್ ಚಿತ್ರಗಳ ಸಂಪೂರ್ಣ ಬ್ಲೂ-ರೇ ಪೆಟ್ಟಿಗೆಯನ್ನು ಕೊಳ್ಳುವ ಆಸೆಯಿದೆ. ಸರಣಿ ಇನ್ನೂ ಮುಗಿದಿಲ್ಲವಾದ್ದರಿಂದ ಕಾಯುವುದು ಒಳ್ಳೆಯದೇ?

ಉತ್ತರ: ಕಾಯಬೇಡಿ. ಮುಂದುವರಿಯುತ್ತಿರುವ ಸರಣಿಯ ಮಟ್ಟಿಗೆ ‘ಸಂಪೂರ್ಣ’ ಎಂಬ ಮಾತು ಪೆಟ್ಟಿಗೆ ಹೊರಬಂದ ದಿನಕ್ಕಷ್ಟೇ ನಿಜ. ಸರಣಿಗೆ 50 ವರ್ಷ ತುಂಬಿದ 2012ರಲ್ಲಿ ಬಂದ ‘ಬಾಂಡ್ 50’ ಪೆಟ್ಟಿಗೆಯಲ್ಲಿ, 1962ರ ‘ಡಾಕ್ಟರ್ ನೋ’ದಿಂದ 2008ರ ‘ಕ್ವಾಂಟಮ್ ಆಫ್ ಸೊಲೇಸ್’ವರೆಗಿನ 22 ಚಿತ್ರಗಳಿದ್ದವು, ಅದೇ ವರ್ಷ ತೆರೆಕಾಣಲಿದ್ದ ‘ಸ್ಕೈಫಾಲ್’ನ ಡಿಸ್ಕನ್ನು ನಂತರ ಕೊಂಡು ಸೇರಿಸಿಕೊಳ್ಳಲೆಂದು ಒಂದು ಜಾಗವನ್ನು ಖಾಲಿ ಬಿಡಲಾಗಿತ್ತು. ಸಂಗ್ರಾಹಕರ ಮನಸ್ಸನ್ನು ಅರಿತು ಮಾಡಿದ ಕೆಲಸವದು ಎಂದು ನಾನು ಇಂದಿಗೂ ಮೆಚ್ಚುತ್ತೇನೆ. ಆದರೆ 2015ರ ‘ಸ್ಪೆಕ್ಟರ್’ ಮತ್ತು 2021ರ ‘ನೋ ಟೈಮ್ ಟು ಡೈ’ ಬಂದಾಗ ಅವುಗಳಿಗೆ ಅಲ್ಲಿ ಜಾಗವಿರಲಿಲ್ಲ. ಹೊಸ ಚಿತ್ರ ಬಂದಾಗಲೆಲ್ಲ ಹೊಸ ಪೆಟ್ಟಿಗೆ ಕೊಂಡರೆ ಇರುವ ಡಿಸ್ಕುಗಳಿಗೇ ಮತ್ತೆ ಹಣ ತೆತ್ತಂತಾಗುತ್ತದೆ; ಆದ್ದರಿಂದ ಒಂದು ಪೆಟ್ಟಿಗೆಯನ್ನು ಇಟ್ಟುಕೊಂಡು, ಮುಂದಿನ ಚಿತ್ರಗಳನ್ನು ಬಿಡಿಯಾಗಿ ಕೊಂಡು ಅದರ ಪಕ್ಕದಲ್ಲೇ ಜೋಡಿಸಿ. ಷಾನ್ ಕಾನರಿಯವರೇ ಬಾಂಡ್ ಆಗಿ ನಟಿಸಿದ 1983ರ ‘ನೆವರ್ ಸೇ ನೆವರ್ ಅಗೇನ್’ ಬೇರೆ ನಿರ್ಮಾಪಕರದ್ದಾದ್ದರಿಂದ ಈ ಪೆಟ್ಟಿಗೆಯಲ್ಲಿಲ್ಲ, ಅದನ್ನು ಪ್ರತ್ಯೇಕವಾಗಿಯೇ ಹುಡುಕಬೇಕು. ವಿದೇಶದಿಂದ ತರಿಸುವುದಾದರೆ ಪೆಟ್ಟಿಗೆಯ ಹಿಂಬದಿಯ ವಲಯದ ಗುರುತನ್ನು, ಅಂದರೆ ಡಿಸ್ಕು ಯಾವ ಪ್ರದೇಶದ ಪ್ಲೇಯರ್‌ಗಳಿಗೆ ಹೊಂದುತ್ತದೆ ಎಂಬ ಅಕ್ಷರವನ್ನು, ತಪ್ಪದೆ ನೋಡಿ: ಅಮೆರಿಕ ‘ಎ’, ಬ್ರಿಟನ್ ‘ಬಿ’, ಭಾರತ ‘ಸಿ’. ಪೆಟ್ಟಿಗೆ ಕೈಸೇರಿದ ದಿನವೇ ಪ್ರತಿಯೊಂದು ಡಿಸ್ಕನ್ನೂ ಅಂಚು ಹಿಡಿದು ಹೊರತೆಗೆದು, ಬೆಳಕಿಗೆ ಓರೆಯಾಗಿ ಹಿಡಿದು ಗೀರುಗಳಿವೆಯೇ ಎಂದು ಪರೀಕ್ಷಿಸಿ. ಬಿಗಿಯಾದ ರಟ್ಟಿನ ಲಕೋಟೆಗಳಲ್ಲಿ ಬರುವ ಡಿಸ್ಕುಗಳಿಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು.