ಒಬ್ಬರೇ ನಿಂತಿದ್ದರೂ ಗುಪ್ತ ಮತದಾನವೇ ಇರಲಿ

ಕೇರಳದ ಕಾಸರಗೋಡು ಜಿಲ್ಲೆಯ ಪೆರಿಯ ಕ್ಯಾಂಪಸ್ಸಿನ ನಿಮ್ಮ ಕನ್ನಡ ವಿದ್ಯಾರ್ಥಿ ಸಂಘಕ್ಕೆ ಕ್ಷೇಮಾಧಿಕಾರಿ ಬೇಕು, ನಿಂತಿರುವುದು ಒಬ್ಬರೇ, ಕೈ ಎತ್ತಿಸಿ ಮುಗಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ.

ಖಜಾಂಚಿಯ ಬಗ್ಗೆ ತಕರಾರಿದ್ದರೆ ಸಭೆಯಲ್ಲೇ ಹೇಳಬಹುದು. ಆದರೆ ರ‍್ಯಾಗಿಂಗ್, ಮನಸ್ಸಿನ ಕುಗ್ಗು, ಮೆಸ್ ಬಾಕಿ ಇಂಥದ್ದನ್ನೆಲ್ಲ ಹೇಳಿಕೊಳ್ಳಬೇಕಾದ ವ್ಯಕ್ತಿಯ ಮೇಲೆ ನಂಬಿಕೆಯಿಲ್ಲ ಎಂದು ಎಲ್ಲರೆದುರು ತೋರಿಸುವ ಧೈರ್ಯ ಮೊದಲ ವರ್ಷದ ಹುಡುಗಿಗೆ ಎಲ್ಲಿಂದ ಬರಬೇಕು? ಮತಪತ್ರದಲ್ಲಿ ಅಭ್ಯರ್ಥಿಯ ಹೆಸರಿನ ಕೆಳಗೆ ‘ಮತ್ತೆ ನಾಮಪತ್ರ ಕರೆಯಿರಿ’ ಎಂಬ ಸಾಲೂ ಇರಲಿ. ಅದಕ್ಕೇ ಹೆಚ್ಚು ಮತ ಬಿದ್ದರೆ ಇನ್ನೊಮ್ಮೆ ಕರೆಯಿರಿ. ಎಣಿಕೆಯನ್ನು ಅಭ್ಯರ್ಥಿಯ ಗೆಳೆಯರಿಗೆ ಬಿಡಬೇಡಿ.

2006ರ ಲಿಂಗ್ಡೊ ಸಮಿತಿಯ ಶೇ. 75 ಹಾಜರಾತಿ, 5,000 ರೂಪಾಯಿ ಖರ್ಚಿನ ಮಿತಿ ಇವೆಲ್ಲ ಕಾಲೇಜು, ವಿಶ್ವವಿದ್ಯಾಲಯಗಳ ವಿದ್ಯಾರ್ಥಿ ಯೂನಿಯನ್ ಚುನಾವಣೆಗೆಂದು ಬಂದವು. ನಿಮ್ಮಂಥ ಸಂಘಕ್ಕೆ ನಿಮ್ಮದೇ ಬೈಲಾ, ಅಂದರೆ ಸಂಘದ ನಿಯಮಾವಳಿ, ಸ್ಪಷ್ಟವಾಗಿದ್ದರೆ ಸಾಕು.

ಮತದಾನಕ್ಕೆ ಮುಂಚೆ ಅಭ್ಯರ್ಥಿಯನ್ನು ಮುಕ್ತವಾಗಿ ಪ್ರಶ್ನಿಸಿ. ಮಂಜೇಶ್ವರ, ಕುಂಬಳೆ ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಮಲಯಾಳದ ಅರ್ಜಿ, ನೋಟಿಸು ಅರ್ಥವಾಗದಿದ್ದರೆ ಜೊತೆಗೆ ಆಫೀಸಿಗೆ ಹೋಗುತ್ತಾರಾ? ಕೇಳಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತಾರಾ? ನನ್ನ ಪ್ರಕಾರ ಈ ಎರಡನೆಯದೇ ದೊಡ್ಡ ಅರ್ಹತೆ.

ಹಾಗೆಂದು ಅವರೇ ಆಪ್ತಸಮಾಲೋಚಕರಾಗಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೂ ಮಾತಾಡಬಹುದು, ರ‍್ಯಾಗಿಂಗ್ ದೂರಿಗೆ 1800-180-5522 ಇದೆ. ಯಾರಾದರೂ ಜೀವಕ್ಕೆ ಅಪಾಯದ ಮಾತಾಡಿದರೆ ಗುಟ್ಟು ಕಾಯದೆ ವಾರ್ಡನ್‌ಗೆ ತಿಳಿಸಲೇಬೇಕು. ಇದನ್ನು ಬೈಲಾದಲ್ಲೇ ಬರೆದುಬಿಡಿ. ದೂರುಗಳ ವಿವರ ವಾಟ್ಸಾಪ್ ಗುಂಪಿಗೆ ಬರಕೂಡದು ಎಂಬುದನ್ನೂ ಸೇರಿಸಿ.