ಖಾರ ಖಾರವಾಗಿ, ಮನಸ್ಸಿಗೂ ಹಿತವಾಗಿ ಮನೆಯಲ್ಲೇ ಏನು ಮಾಡಿಕೊಳ್ಳಬಹುದು?

ನೀವು ಕೇಳಿರುವುದು ಇಷ್ಟು, ಅಲ್ವಾ? ಪುಣೆಯಲ್ಲಿ ಒಬ್ಬರೇ ಇದ್ದೀರಿ. ಕೆಲಸ ಮುಗಿಸಿ ಮನೆ ಸೇರುವಾಗ ರಾತ್ರಿ ಎಂಟಾಗುತ್ತದೆ. ಮಳೆ ಹಿಡಿದರೆ ನಾಲಿಗೆ ಖಾರ ಕೇಳುತ್ತದೆ, ಹೋಟೆಲಿನದ್ದು ತಿಂದರೆ ಮಾರನೇ ದಿನ ಹೊಟ್ಟೆ ಉರಿ. ಮನೆಯಲ್ಲಿ ಒಂದು ಇಂಡಕ್ಷನ್ ಒಲೆ, ಒಂದು ಸಣ್ಣ ಕುಕ್ಕರ್, ಒಂದು ಮಿಕ್ಸಿ ಇದೆ. ಇಷ್ಟರಲ್ಲಿ ಖಾರವಾಗಿಯೂ ಇರಬೇಕು, ತಿಂದ ಮೇಲೆ ಸಮಾಧಾನವೂ ಆಗಬೇಕು, ಅಂಥದ್ದು ಏನಿದೆ?

ಇದೆ. ಉಪ್ಸಾರು, ಖಾರ, ಬಿಸಿ ಮುದ್ದೆ. ನಾನು ಮಂಡ್ಯದ ಕಡೆಯವನು, ಪಕ್ಷಪಾತ ಇದ್ದೇ ಇರುತ್ತದೆ ಅಂದುಕೊಳ್ಳಿ. ಆದರೆ ಕಾರಣವೂ ಇದೆ.

ಹೋಟೆಲಿನ ಅಡುಗೆಯಲ್ಲಿ ಖಾರ ಮೊದಲೇ ಎಣ್ಣೆಯಲ್ಲಿ ಬೆಂದು ಗ್ರೇವಿಯ ಒಳಗೆ ಸೇರಿಬಿಟ್ಟಿರುತ್ತದೆ. ಜಾಸ್ತಿ ಆಯ್ತು ಅಂದರೆ ತೆಗೆಯೋಕೆ ಆಗಲ್ಲ, ಸುಮ್ನೆ ತಿನ್ನಬೇಕು. ನಮ್ಮ ಹಳ್ಳಿ ಊಟದಲ್ಲಿ ಖಾರ ಬೇರೆ, ಊಟ ಬೇರೆ. ಸಾರು ಸಪ್ಪೆ, ಮುದ್ದೆ ಸಪ್ಪೆ. ತಟ್ಟೆಯ ಅಂಚಿನಲ್ಲಿ ಒಂದು ಚಮಚ ರುಬ್ಬಿದ ಖಾರ. ಇವತ್ತು ಎಷ್ಟು ಬೇಕೋ ಅಷ್ಟು ಕಲಸಿಕೊಳ್ಳಿ. ನೆಗಡಿ ಆಗಿದ್ದರೆ ಎರಡು ಚಮಚ, ಹೊಟ್ಟೆ ಸರಿಯಿಲ್ಲದಿದ್ದರೆ ಬೆರಳ ತುದಿಯಷ್ಟು. ನನ್ನ ಪ್ರಕಾರ ಮನೆಯ ಖಾರ ಹಿತವಾಗುವುದೇ ಹೀಗೆ. ಪಕ್ಕದಲ್ಲಿ ಮೆತ್ತಗಿನ, ಸಪ್ಪೆಯಾದ, ಬಿಸಿಯಾದ ಒಂದು ಪದಾರ್ಥ ಇರಬೇಕು. ಬರೀ ಖಾರ ತಿಂದರೆ ಅದು ಪಂದ್ಯ, ಊಟ ಅಲ್ಲ.

ಈಗ ಮಾಡುವುದು ಹೇಗೆ ನೋಡಿ. ಅರ್ಧ ಲೋಟ ಹೆಸರುಕಾಳು ತೊಳೆದು, ಮುಳುಗುವಷ್ಟು ನೀರು ಹಾಕಿ ಕುಕ್ಕರಿನಲ್ಲಿ ಎರಡು ಕೂಗು ಕೂಗಿಸಿ. ಕಾಳು ಬೇಯಬೇಕು, ಕರಗಬಾರದು. ಆವಿ ಇಳಿದ ಮೇಲೆ ಮುಚ್ಚಳ ತೆಗೆದು ಒಂದು ಕಟ್ಟು ಸೊಪ್ಪು ಹೆಚ್ಚಿ ಹಾಕಿ. ದಂಟಿನ ಸೊಪ್ಪು, ಸಬ್ಬಸಿಗೆ, ಯಾವುದಾದರೂ ಆಗುತ್ತದೆ. ಪುಣೆಯ ಮಂಡಿಯಲ್ಲಿ ಸಬ್ಬಸಿಗೆಗೆ ಶೇಪು ಅನ್ನುತ್ತಾರೆ, ಹಾಗೇ ಕೇಳಿ. ಮೂರು ಲೋಟ ನೀರು, ಉಪ್ಪು ಹಾಕಿ, ಮುಚ್ಚಳ ಮುಚ್ಚದೆ ಐದಾರು ನಿಮಿಷ ಕುದಿಸಿ. ಆಮೇಲೆ ಬಸಿದುಕೊಳ್ಳಿ. ಕೆಳಗೆ ಇಳಿದ ಆ ತಿಳಿ ನೀರೇ ಉಪ್ಸಾರು. ಅದಕ್ಕೆ ಮಸಾಲೆಯೂ ಇಲ್ಲ, ಒಗ್ಗರಣೆಯೂ ಇಲ್ಲ. ಮೇಲೆ ಉಳಿದ ಕಾಳು ಸೊಪ್ಪಿಗೆ ಸಾಸಿವೆ, ಒಣಮೆಣಸಿನಕಾಯಿ, ಜಜ್ಜಿದ ಬೆಳ್ಳುಳ್ಳಿ, ಈರುಳ್ಳಿ ಒಗ್ಗರಣೆ ಕೊಟ್ಟು, ಇದ್ದರೆ ಒಂದಿಷ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಒಂದೇ ಪಾತ್ರೆಯಲ್ಲಿ ಬೆಂದದ್ದು ಎರಡು ಪದಾರ್ಥ ಆಯ್ತು.

ಖಾರಕ್ಕೆ ಬರೋಣ. ಎಂಟು ಹಸಿಮೆಣಸಿನಕಾಯಿ, ಎಂಟು ಹತ್ತು ಎಸಳು ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ಅರ್ಧ ಚಮಚ ಕಾಳುಮೆಣಸು, ಗೋಲಿ ಗಾತ್ರದ ಹುಣಸೆಹಣ್ಣು, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಉಪ್ಪು. ಮೆಣಸಿನಕಾಯಿಯನ್ನು ಮುರಿದು ಹಾಕಿ. ಇಡಿಯಾಗಿ ಹಾಕಿದರೆ ಬಾಣಲೆಯಲ್ಲಿ ಸಿಡಿದು ಮುಖಕ್ಕೆ ಹಾರುತ್ತದೆ. ಒಂದು ಚಮಚ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಬಾಡಿಸುತ್ತಾ ಹೋದರೆ ಮೊದಲು ಹಸಿರು ಬಣ್ಣ ಮಂಕಾಗುತ್ತದೆ, ಆಮೇಲೆ ಸಿಪ್ಪೆ ಅಲ್ಲಲ್ಲಿ ಬೆಳ್ಳಗೆ ಉಬ್ಬಿ, ಉಬ್ಬಿದ ಕಡೆ ಕಂದು ಚುಕ್ಕಿ ಬೀಳುತ್ತದೆ. ಅಷ್ಟು ಹೊತ್ತಿಗೆ ಘಾಟು ಏರಿ ಕೆಮ್ಮು ಬರುತ್ತದೆ. ಕಿಟಕಿ ತೆಗೆದಿಡಿ, ಪಕ್ಕದ ಮನೆಯವರೂ ಕೆಮ್ಮಲಿ. ಬೆಳ್ಳುಳ್ಳಿ, ಜೀರಿಗೆ, ಮೆಣಸನ್ನು ಕೊನೆಯಲ್ಲಿ ಹಾಕಿ ಒಂದು ನಿಮಿಷ ಬಿಸಿ ಮಾಡಿದರೆ ಸಾಕು. ಆರಿದ ಮೇಲೆ ಹುಣಸೆ, ಕೊತ್ತಂಬರಿ, ಉಪ್ಪು ಸೇರಿಸಿ ಮಿಕ್ಸಿಯ ಚಿಕ್ಕ ಜಾರಿನಲ್ಲಿ ನುಣ್ಣಗೆ ರುಬ್ಬಿ. ಜಾರು ತಿರುಗದಿದ್ದರೆ ತಣ್ಣೀರು ಹಾಕಬೇಡಿ, ಉಪ್ಸಾರನ್ನೇ ಎರಡು ಚಮಚ ಹಾಕಿ. ಒಣಮೆಣಸಿನಕಾಯಿಯಲ್ಲೂ ಇದೇ ರೀತಿ ಮಾಡುತ್ತಾರೆ. ಅದರ ರುಚಿ ಬೇರೆ, ಸ್ವಲ್ಪ ಗಂಭೀರ. ನನಗೆ ಮಳೆಗಾಲಕ್ಕೆ ಹಸಿಮೆಣಸಿನಕಾಯಿಯದ್ದೇ ಇಷ್ಟ.

ಮುದ್ದೆ ಅಂದರೆ ಹೆದರುವವರು ಜಾಸ್ತಿ. ಪುಣೆಯಲ್ಲಿ ನಾಚಣಿ ಹಿಟ್ಟು ಅಂತ ಕೇಳಿದರೆ ರಾಗಿಹಿಟ್ಟು ಸಿಗುತ್ತದೆ. ಒಬ್ಬರಿಗೆ ಮುಕ್ಕಾಲು ಲೋಟ ಹಿಟ್ಟು, ಒಂದೂವರೆ ಲೋಟ ನೀರು. ತಳ ದಪ್ಪ ಇರುವ ಪಾತ್ರೆ ಬೇಕು, ಕುಕ್ಕರಿನ ತಳವೇ ಆಗುತ್ತದೆ. ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಕುದಿಯುವ ನೀರಿಗೆ ಹಾಕಿ. ಅದು ತೆಳ್ಳಗೆ ಗಂಜಿ ಥರ ಕುದಿಯುವಾಗ ಉಳಿದ ಹಿಟ್ಟನ್ನು ಗುಡ್ಡೆಯಾಗಿ ಮಧ್ಯಕ್ಕೆ ಸುರಿಯಿರಿ. ತಿರುವಬೇಡಿ. ಕೋಲಿನಿಂದ ಗುಡ್ಡೆಯ ನಡುವೆ ಒಂದು ತೂತು ಮಾಡಿ, ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಬಿಡಿ. ನೀರು ತೂತಿನಿಂದ ಮೇಲೆ ಬಂದು ಹಿಟ್ಟನ್ನು ಬೇಯಿಸುತ್ತದೆ. ಆಮೇಲೆ ಕೆಳಗಿಳಿಸಿ, ಬಟ್ಟೆಯಲ್ಲಿ ಪಾತ್ರೆ ಗಟ್ಟಿಯಾಗಿ ಹಿಡಿದು, ಗಂಟಿಲ್ಲದ ಹಾಗೆ ತೊಳಸಿ. ಕೈಗೆ ನೀರು ಮುಟ್ಟಿಸಿಕೊಂಡು ಉಂಡೆ ಕಟ್ಟಿದರೆ ಆಯ್ತು. ಮುದ್ದೆ ಬೇಡ ಅನ್ನಿಸಿದರೆ ಬಿಸಿ ಅನ್ನವೂ ನಡೆಯುತ್ತದೆ, ನಾನೇನೂ ಬೇಜಾರು ಮಾಡಿಕೊಳ್ಳಲ್ಲ.

ತಿನ್ನುವುದಕ್ಕೂ ಒಂದು ಕ್ರಮ ಇದೆ. ತಟ್ಟೆಗೆ ಉಪ್ಸಾರು ಬಿಟ್ಟು, ಅದರಲ್ಲಿ ಖಾರ ಸ್ವಲ್ಪ ಕದಡಿ, ಮುದ್ದೆ ಮುರಿದು, ಅದ್ದಿ, ಅಗಿಯದೆ ನುಂಗಬೇಕು. ಬಿಸಿ ಗಂಟಲಲ್ಲಿ ಇಳಿಯುತ್ತದೆ, ಖಾರ ಹಿಂದೆ ಬರುತ್ತದೆ. ನಡುನಡುವೆ ಪಲ್ಯ ಬಾಯಿಗೆ ಹಾಕಿಕೊಳ್ಳಿ. ನಾಲ್ಕನೇ ತುತ್ತಿಗೆ ಮೂಗು ಸೋರಲು ಶುರುವಾದರೆ ಅಳತೆ ಸರಿಯಾಗಿದೆ ಅಂತ ಅರ್ಥ.

ನನ್ನ ಹೆಂಡತಿ ಗದಗದ ಕಡೆಯವಳು. ಈ ಉತ್ತರ ಓದಿದರೆ "ರೊಟ್ಟಿ ಬಿಟ್ಟು ಬರದೀರಲ್ಲ" ಅಂತ ಜಗಳ ತೆಗೆಯುತ್ತಾಳೆ. ಅವಳ ಕಡೆಯ ಲೆಕ್ಕವೂ ಇದೇ: ರೊಟ್ಟಿ ಸಪ್ಪೆ, ಖಾರ ಪಕ್ಕದಲ್ಲಿ. ನಿಮಗೆ ಪುಣೆಯಲ್ಲಿ ಇದು ಇನ್ನೂ ಸುಲಭ. ಚಪಾತಿ ಪಲ್ಯ ಮಾರುವ ಪೋಳಿ ಭಾಜಿ ಕೇಂದ್ರಗಳಲ್ಲಿ ಜೋಳದ ಭಾಕರಿ, ಅಂದರೆ ರೊಟ್ಟಿ, ಬಿಸಿಯಾಗಿ ಸಿಗುತ್ತದೆ. ರೊಟ್ಟಿ ತಟ್ಟುವ ಕಷ್ಟ ಇಲ್ಲ. ಅದರ ಜೊತೆಗೆ ಜುಣಕ ಮಾಡಿಕೊಳ್ಳಿ. ಅರ್ಧ ಲೋಟ ಕಡಲೆಹಿಟ್ಟನ್ನು ಒಂದೂವರೆ ಲೋಟ ನೀರಿನಲ್ಲಿ ಗಂಟಿಲ್ಲದಂತೆ ಕದಡಿಡಿ. ಎರಡು ಚಮಚ ಎಣ್ಣೆಗೆ ಸಾಸಿವೆ, ಜೀರಿಗೆ, ಕರಿಬೇವು, ಎರಡು ಈರುಳ್ಳಿ, ಅರಿಶಿನ, ಬೆಳ್ಳುಳ್ಳಿ ಜೊತೆ ಕುಟ್ಟಿದ ಹಸಿಮೆಣಸಿನಕಾಯಿ ಹಾಕಿ. ಈರುಳ್ಳಿ ಮೆತ್ತಗಾದ ಮೇಲೆ ಕದಡಿದ ಹಿಟ್ಟು, ಉಪ್ಪು ಹಾಕಿ ಕೈ ಬಿಡದೆ ತಿರುವಿ. ದಪ್ಪಗಾದ ಮೇಲೆ ಮುಚ್ಚಿ ಐದು ನಿಮಿಷ ಸಣ್ಣ ಉರಿ. ಹಸಿ ಹಿಟ್ಟಿನ ವಾಸನೆ ಹೋಗಬೇಕು, ಇಲ್ಲದಿದ್ದರೆ ಹೊಟ್ಟೆ ಉಬ್ಬರ ಗ್ಯಾರಂಟಿ. ಕೆಲಸದಿಂದ ಬಂದು ಇಪ್ಪತ್ತು ನಿಮಿಷದಲ್ಲಿ ಊಟಕ್ಕೆ ಕೂರಬಹುದು.

ಇದಕ್ಕೆ ಮೇಲೆ ಹಚ್ಚಿಕೊಳ್ಳುವುದು ರಂಜಕ. ಚಳಿಗಾಲದಲ್ಲಿ ಕೆಂಪಗೆ ಹಣ್ಣಾದ ಹಸಿಮೆಣಸಿನಕಾಯಿ ಮಾರುಕಟ್ಟೆಗೆ ಬರುತ್ತದಲ್ಲ, ಆಗ ಕಾಲು ಕಿಲೋ ತಂದುಬಿಡಿ. ತೊಳೆದು, ಒಂದು ಹನಿ ನೀರೂ ಇಲ್ಲದ ಹಾಗೆ ಒರೆಸಿ, ತೊಟ್ಟು ತೆಗೆಯಿರಿ. ಒಂದು ಗಡ್ಡೆ ಬೆಳ್ಳುಳ್ಳಿ, ಉಪ್ಪು, ಹುರಿದ ಮೆಂತ್ಯದ ಪುಡಿ ಅರ್ಧ ಚಮಚ, ಇಂಗು, ಚೂರು ಬೆಲ್ಲ, ಮೂರು ನಾಲ್ಕು ನಿಂಬೆಹಣ್ಣಿನ ರಸ ಹಾಕಿ ನೀರು ಮುಟ್ಟಿಸದೆ ತರಿತರಿಯಾಗಿ ರುಬ್ಬಿ ಗಾಜಿನ ಬಾಟಲಿಗೆ ತುಂಬಿ. ಎರಡು ದಿನ ಬಿಟ್ಟರೆ ರುಚಿ ಕೂಡಿಕೊಳ್ಳುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಬಹಳ ದಿನ ಬಾಳುತ್ತದೆ. ತಿನ್ನುವಾಗ ಮೇಲೆ ಹಸಿ ಎಣ್ಣೆಯೋ ಗಟ್ಟಿ ಮೊಸರೋ ಹಾಕಿಕೊಳ್ಳಿ. ಮೆಣಸಿನಕಾಯಿ, ಬೆಳ್ಳುಳ್ಳಿ ಕುಟ್ಟಿ ಮಾಡುವ ನಿಮ್ಮ ಪುಣೆಯ ಠೇಚಾ ಇದಕ್ಕೆ ನೆಂಟ, ಅರ್ಜೆಂಟಿಗೆ ಅದನ್ನೇ ಬಳಸಿ.

ಮೆಣಸಿನಕಾಯಿ ಕೊಳ್ಳುವಾಗ ಒಂದು ವಿಷಯ ಗಮನಿಸಿ. ಬಣ್ಣ ನೋಡಿ ಖಾರ ಅಳೆಯಬೇಡಿ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಸುಕ್ಕು ಸುಕ್ಕಾಗಿ, ಕಡುಗೆಂಪಾಗಿ ನೋಡಿದರೇ ಭಯ ಆಗುತ್ತದೆ, ಆದರೆ ಖಾರ ಕಡಿಮೆ. ಬಣ್ಣಕ್ಕೆ, ಘಮಕ್ಕೆ ಅದು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಅದರಲ್ಲೇ ಉದ್ದನೆಯ ಕಡ್ಡಿ, ಉರುಟಾದ ಡಬ್ಬಿ ಅಂತ ಎರಡು ಬಗೆ. ಉರಿ ಬೇಕಾದರೆ ಗುಂಟೂರು. ಎರಡನ್ನೂ ಬೆರೆಸಿ, ಬ್ಯಾಡಗಿ ಮೂರು ಪಾಲು, ಗುಂಟೂರು ಒಂದು ಪಾಲು ಇಟ್ಟುಕೊಂಡರೆ ಹೊಟ್ಟೆಗೂ ಒಳ್ಳೆಯದು, ಕಣ್ಣಿಗೂ ಚೆಂದ. ಇನ್ನೊಂದು, ಖಾರ ಜಾಸ್ತಿ ಇರುವುದು ಬೀಜದಲ್ಲಿ ಅಂತ ಎಲ್ಲರೂ ನಂಬಿದ್ದಾರೆ. ನಿಜವಾಗಿ ಇರುವುದು ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ತಿರುಳಿನಲ್ಲಿ. ಖಾರ ಇಳಿಸಬೇಕಾದರೆ ಅದನ್ನು ಕೆರೆದು ತೆಗೆಯಿರಿ.

ಬಾಯಿ ಉರಿದಾಗ ನೀರು ಕುಡಿದು ಪ್ರಯೋಜನವಿಲ್ಲ. ಖಾರದ ಅಂಶವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಹಾಲು ಮೊಸರಿನ ಪ್ರೋಟೀನ್ ಕೂಡ ಅದನ್ನು ಹಿಡಿದುಕೊಳ್ಳುತ್ತದೆ. ಊಟದ ಕೊನೆಗೆ ಮೊಸರನ್ನ ಇಡುವುದು ಸುಮ್ನೆ ಅಲ್ಲ. ನಿಜವಾದ ಬಿಸಿಯನ್ನು ಗುರುತಿಸುವ ನರಗಳೇ ಖಾರಕ್ಕೂ ಕೂಗಿಕೊಳ್ಳುತ್ತವೆ, ಅದಕ್ಕೇ ಬೆವರು. ಆ ಗುಟ್ಟು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಸಿಕ್ಕಿತು, ಮತ್ತೊಬ್ಬರ ಜೊತೆ ಹಂಚಿಕೆಯಾಗಿ. ಬಿಸಿ ಬಿಸಿ ಸಾರಿನಲ್ಲಿ ಖಾರ ದುಪ್ಪಟ್ಟು ಅನ್ನಿಸುವುದೂ ಇದೇ ಕಾರಣಕ್ಕೆ. ತಟ್ಟೆಯಲ್ಲಿ ಎರಡು ನಿಮಿಷ ಆರಲು ಬಿಟ್ಟರೆ ಅದೇ ಸಾರು ಸೌಮ್ಯವಾಗುತ್ತದೆ.

ಜ್ವರ ಬಂದ ದಿನ ಇದ್ಯಾವುದೂ ಬೇಡ, ಮೆಣಸಿನ ಸಾರು ಮಾಡಿ. ಮೆಣಸಿನಕಾಯಿ ಅಮೆರಿಕದಿಂದ ಪೋರ್ಚುಗೀಸರ ಜೊತೆ ನಮ್ಮ ಕಡೆ ಬಂದದ್ದು 16ನೇ ಶತಮಾನದಲ್ಲಿ. ಅದಕ್ಕೂ ಮುಂಚೆ ಖಾರಕ್ಕೆ ಇದ್ದದ್ದು ಮುಖ್ಯವಾಗಿ ಈ ಕಾಳುಮೆಣಸೇ. ಒಂದು ಚಮಚ ಮೆಣಸು, ಒಂದು ಚಮಚ ಜೀರಿಗೆ, ಐದಾರು ಎಸಳು ಬೆಳ್ಳುಳ್ಳಿ ಒಟ್ಟಿಗೆ ಜಜ್ಜಿಕೊಳ್ಳಿ. ಸಣ್ಣ ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣನ್ನು ಮೂರು ಲೋಟ ನೀರಿನಲ್ಲಿ ಕಿವುಚಿ, ಉಪ್ಪು, ಅರಿಶಿನ, ಚೂರು ಬೆಲ್ಲ ಹಾಕಿ ಹಸಿ ವಾಸನೆ ಹೋಗುವ ತನಕ ಕುದಿಸಿ. ಆಮೇಲೆ ಜಜ್ಜಿದ್ದು ಹಾಕಿ, ನೊರೆ ಎದ್ದ ಕೂಡಲೇ ಒಲೆ ಆರಿಸಿ. ಜಾಸ್ತಿ ಕುದಿಸಿದರೆ ಘಮ ಹಾರಿಹೋಗುತ್ತದೆ. ತುಪ್ಪದಲ್ಲಿ ಸಾಸಿವೆ, ಕರಿಬೇವು, ಇಂಗಿನ ಒಗ್ಗರಣೆ. ಅನ್ನಕ್ಕೆ ಕಲಸಿ ತಿನ್ನಿ, ಉಳಿದದ್ದನ್ನು ಲೋಟದಲ್ಲಿ ಕುಡಿಯಿರಿ.

ಕೋರಿ ರೊಟ್ಟಿ, ಕೊಡಗಿನ ಪಂದಿ ಕರಿ, ನಾಟಿಕೋಳಿ ಸಾರು, ಇವೆಲ್ಲ ಸೊಗಸೇ. ಆದರೆ ರಾತ್ರಿ ಎಂಟಕ್ಕೆ ಮನೆಗೆ ಬರುವ ಒಬ್ಬರಿಗೆ ಹೇಳುವ ಅಡುಗೆಗಳಲ್ಲ. ನೆಂಟರು ಬಂದಾಗ ನೋಡೋಣ.

ಹೊಟ್ಟೆ ಉರಿಯ ಬಗ್ಗೆ ಕೇಳಿದ್ದಿರಿ. ತಿಂದ ಕೂಡಲೇ ಮಲಗಬೇಡಿ, ಖಾಲಿ ಹೊಟ್ಟೆಗೆ ಮೊದಲ ತುತ್ತೇ ಖಾರ ಹಾಕಬೇಡಿ. ಸಪ್ಪೆ ಮುದ್ದೆ ಒಂದೆರಡು ತುತ್ತು ಇಳಿದ ಮೇಲೆ ಖಾರ ಮುಟ್ಟಿ. ಮನೆ ಊಟ ಮಾಡಿದರೂ ಉರಿ ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಿ, ಅದು ಅಡುಗೆಯ ಪ್ರಶ್ನೆ ಅಲ್ಲ.

ಒಬ್ಬರೇ ಇರುವುದರಿಂದ ಭಾನುವಾರ ಖಾರ ರುಬ್ಬಿ ಡಬ್ಬಿಗೆ ಹಾಕಿಟ್ಟುಬಿಡಿ. ಹಸಿಮೆಣಸಿನಕಾಯಿ ಖಾರ ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ ಚೆನ್ನಾಗಿರುತ್ತದೆ, ಒದ್ದೆ ಚಮಚ ಮಾತ್ರ ಹಾಕಬೇಡಿ. ಸಾರು ಮಾಡಲು ಬೇಜಾರಾದ ದಿನ ಅದನ್ನೇ ಬಿಸಿ ಅನ್ನಕ್ಕೆ ತುಪ್ಪದ ಜೊತೆ ಕಲಸಿಕೊಳ್ಳಬಹುದು. ಬೇಯಿಸಿದ ಮೊಟ್ಟೆ ಸೀಳಿ ಒಳಗೆ ಸವರಿ ತವದ ಮೇಲೆ ಒಂದು ನಿಮಿಷ ಮಗುಚಿ ಹಾಕಿದರೂ ಆಗುತ್ತದೆ. ಈ ಮೊಟ್ಟೆ ಒಂದು ಸಲ ಮಾಡಿ ನೋಡಿ, ಖಾರದ ಡಬ್ಬಿ ಬುಧವಾರದ ತನಕ ಉಳಿಯುವುದು ಅನುಮಾನ.