ಒಂದೇ ಚಿತ್ರಕ್ಕೆ ಎರಡು ಇಸವಿ ಸಿಕ್ಕರೆ

ಬೀದಿ ಛಾಯಾಗ್ರಾಹಕರೊಬ್ಬರ ಪ್ರದರ್ಶನಗಳ ಪಟ್ಟಿ ಮಾಡುವಾಗ ಒಂದೇ ಚಿತ್ರಕ್ಕೆ ಎರಡು ಇಸವಿ ಬರುತ್ತಿದೆ, ಯಾವುದನ್ನು ಹಾಕಲಿ ಎಂದು ಕೇಳಿದ್ದೀರಿ. ಎರಡನ್ನೂ ಹಾಕಿ, ಬೇರೆ ಬೇರೆ ಕಾಲಂನಲ್ಲಿ: ಕ್ಲಿಕ್ಕಿಸಿದ್ದು, ಪ್ರಿಂಟ್ ಹಾಕಿದ್ದು. ಅಮೆರಿಕದ ಬೀದಿ ಛಾಯಾಗ್ರಾಹಕಿ ವಿವಿಯನ್ ಮೇಯರ್ ತೀರಿಕೊಂಡದ್ದು 2009ರಲ್ಲಿ. ಗ್ಯಾಲರಿಗಳಲ್ಲಿ ತೂಗುವ ಅವರ ಎಷ್ಟೋ ಪ್ರಿಂಟ್‌ಗಳು ಆಮೇಲಿನವು, ಅವುಗಳ ನೆಗೆಟಿವ್‌ಗಳಲ್ಲಿ ಹಲವು 1950ರ ದಶಕದವು.

ಪ್ರಿಂಟನ್ನು ತಿರುಗಿಸಿ ನೋಡಿ. ಪೆನ್ಸಿಲ್ ಬರಹ, ರಬ್ಬರ್ ಸ್ಟಾಂಪ್, ಗ್ಯಾಲರಿ ಚೀಟಿ, ಏನಿದ್ದರೂ ಫೋಟೊ ತೆಗೆದಿಡಿ. ನೆಗೆಟಿವ್ ಅಂಚಿನ ಫ್ರೇಮ್ ಸಂಖ್ಯೆಯನ್ನೂ (14, 14ಎ) ಬರೆದುಕೊಳ್ಳಿ; ಒಂದೇ ದೃಶ್ಯವನ್ನು ನಾಲ್ಕೈದು ಸಲ ತೆಗೆದಿರುತ್ತಾರೆ, ಗೋಡೆಗೇರಿದ್ದು ಯಾವುದೆಂದು ತಿಳಿಯುವುದು ಅದರಿಂದಲೇ. ಪ್ರದರ್ಶನದ ದಿನಾಂಕಕ್ಕೆ ಆಹ್ವಾನ ಪತ್ರಿಕೆಯೊಂದನ್ನೇ ನಂಬಬೇಡಿ: ಅದು ಅಚ್ಚಾದ ಮೇಲೂ ಉದ್ಘಾಟನೆ ಮುಂದಕ್ಕೆ ಹೋಗುವುದುಂಟು. ಅಂದಿನ ಪತ್ರಿಕಾ ವರದಿಯೊಡನೆ ತಾಳೆ ನೋಡಿ. ಏಕವ್ಯಕ್ತಿ ಪ್ರದರ್ಶನ, ಸಮೂಹ ಪ್ರದರ್ಶನ ಬೆರೆಸಬೇಡಿ.